ಮುಖ ನೋಡಿ ಮಣೆ ಹಾಕಬೇಡಿ: ಉಪ್ಪಿನ ಬಯಲಿನ ಓಟಕ್ಕೆ ಕಾರಿನ ಬಾಡಿ ಆರಿಸುವ ಬಗೆ

(ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಗೆಳೆಯರೇ, ಮೊದಲು ಒಂದು ಚಿಕ್ಕ ಪರೀಕ್ಷೆ. ಪರದೆಯ ಮೇಲೆ ನಾಲ್ಕು ಕಾರುಗಳ ನೆರಳುಚಿತ್ರಗಳಿವೆ. ಬಣ್ಣವಿಲ್ಲ, ಹೆಸರಿಲ್ಲ, ಪಕ್ಕದಿಂದ ಕಾಣುವ ಹೊರಗೆರೆ ಮಾತ್ರ. ಒಂದು 1929ರ ಫೋರ್ಡ್ ರೋಡ್‌ಸ್ಟರ್, ಛಾವಣಿಯೇ ಇಲ್ಲದ ಗಾಡಿ. ಎರಡನೆಯದು 1934ರ ಫೋರ್ಡ್ ಕೂಪೆ, ಅಂದರೆ ಛಾವಣಿಯಿರುವ ಎರಡು ಬಾಗಿಲಿನ ಕಾರು, ಕಂಬದಂತೆ ನೆಟ್ಟಗೆ ನಿಂತ ಗ್ಲಾಸಿನದು. ಮೂರನೆಯದು 1953ರ ಸ್ಟುಡಿಬೇಕರ್ ಕೂಪೆ. ನಾಲ್ಕನೆಯದು 1968ರ ಡಾಜ್ ಚಾರ್ಜರ್. ಇವುಗಳಲ್ಲಿ ಗಾಳಿಯನ್ನು ಚೆನ್ನಾಗಿ ಸೀಳುವ ಕಾರು ಯಾವುದು? ಕೈ ಎತ್ತಿ.

ಹೆಚ್ಚಿನ ಕೈಗಳು ಚಾರ್ಜರ್‌ಗೆ ಎದ್ದವು. ನಾನೂ ನಿಮ್ಮ ವಯಸ್ಸಿನಲ್ಲಿ ಅದಕ್ಕೇ ಕೈ ಎತ್ತುತ್ತಿದ್ದೆ. ನಿಂತಲ್ಲೇ ಓಡುತ್ತಿರುವಂತೆ ಕಾಣುವ ಕಾರು ಅದು. ಅದರ ಕಥೆಗೆ ಆಮೇಲೆ ಬರುತ್ತೇನೆ. ಮುಖ ನೋಡಿ ಮಣೆ ಹಾಕುವುದು ಎಂಬ ಮಾತು ನಮ್ಮಲ್ಲಿದೆಯಲ್ಲ, ಇವತ್ತು ನಾನು ಹೇಳಬೇಕಾದದ್ದೆಲ್ಲ ಆ ಮಾತಿನ ಸುತ್ತಲೇ ಇದೆ. ವೇಗದ ದಾಖಲೆಗೆ ಕಾರು ಕಟ್ಟಲು ಹೊರಟವರು ಬಾಡಿಯ ಮುಖ ನೋಡಿ ಮರುಳಾಗುತ್ತಾರೆ. ಆದರೆ ಲೆಕ್ಕ ತೀರ್ಮಾನವಾಗುವುದು ಅದರ ಬೆನ್ನಿನಲ್ಲಿ, ಬಾಲದಲ್ಲಿ.

ಜಾಗದ ಪರಿಚಯ ಮಾಡಿಕೊಡುತ್ತೇನೆ. ಅಮೆರಿಕದ ಯೂಟಾ ರಾಜ್ಯದ ಪಶ್ಚಿಮ ಅಂಚಿನಲ್ಲಿ, ವೆಂಡೋವರ್ ಎಂಬ ಸಣ್ಣ ಊರಿನ ಹತ್ತಿರ, ಬಾನ್‌ವಿಲ್ ಉಪ್ಪಿನ ಬಯಲಿದೆ. ಬಹಳ ಹಿಂದೆ ಅಲ್ಲಿದ್ದ ದೊಡ್ಡ ಸರೋವರ ಬತ್ತಿ ಉಳಿದ ಉಪ್ಪು ಅದು. ಚಳಿಗಾಲದಲ್ಲಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಆರಿ ಹಪ್ಪಳದಂತೆ ಗಟ್ಟಿಯಾಗುತ್ತದೆ. ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆ 1937ರಲ್ಲಿ ಹುಟ್ಟಿತು. ಮೊದಲು ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಅಂಗಳದಲ್ಲಿ ಓಟ ನಡೆಸುತ್ತಿದ್ದ ಅದು, 1949ರಿಂದ ಬಾನ್‌ವಿಲ್‌ನಲ್ಲಿ ಸ್ಪೀಡ್ ವೀಕ್ ನಡೆಸಿಕೊಂಡು ಬಂದಿದೆ. ಆಗಸ್ಟ್ ತಿಂಗಳ ಒಂದು ವಾರ. ಅಲ್ಲಿ ಎದುರಾಳಿ ಕಾರು ಇರುವುದಿಲ್ಲ. ಒಬ್ಬ ಚಾಲಕ, ಒಂದು ನೇರ ದಾರಿ, ಒಂದು ಗಡಿಯಾರ.

ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾಗ ಕೆಲವು ಆಗಸ್ಟ್‌ಗಳನ್ನು ನಾನು ಆ ಉಪ್ಪಿನ ಮೇಲೆ, ಒಂದು ಸಣ್ಣ ತಂಡಕ್ಕೆ ಕೈನೆರವಾಗಿ ಕಳೆದೆ. ಸ್ಪಾನರ್ ಎತ್ತಿಕೊಡುವುದು, ಟೈರಿನ ಗಾಳಿ ನೋಡುವುದು, ಸಂಜೆ ಕಾರಿನ ಹೊಟ್ಟೆಗೆ ಮೆತ್ತಿದ ಉಪ್ಪನ್ನು ಕೆರೆದು ತೆಗೆಯುವುದು ನನ್ನ ಕೆಲಸ. ಬಿಸಿಲು ಮೇಲಿನಿಂದಷ್ಟೇ ಅಲ್ಲ, ನೆಲದಿಂದಲೂ ಮೇಲೆದ್ದು ಬರುತ್ತದೆ. ಮೊದಲ ವರ್ಷ ನನ್ನ ಗಲ್ಲದ ಕೆಳಭಾಗ ಸುಟ್ಟು ಸಿಪ್ಪೆ ಎದ್ದಿತ್ತು. ಅಲ್ಲಿ ಕಲಿತದ್ದು ನನ್ನ ಜೀವನದ ಬಹು ದೊಡ್ಡ ಪಾಠಗಳಲ್ಲಿ ಒಂದು. ಅದಕ್ಕಾಗಿಯೇ ಇಷ್ಟು ದೂರ ಬಂದು ನಿಮ್ಮ ಮುಂದೆ ನಿಂತಿದ್ದೇನೆ.

ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ ಕಂಡಕ್ಟರರಿಂದ ಬೈಸಿಕೊಂಡವರು ಇಲ್ಲಿ ಎಷ್ಟು ಜನ? ಅಂಗೈಯನ್ನು ಗಾಳಿಗೆ ಎದುರಾಗಿ ಹಿಡಿದರೆ ತೋಳು ಹಿಂದಕ್ಕೆ ಹೋಗುತ್ತದೆ. ಮಲಗಿಸಿ ಹಿಡಿದರೆ ಸುಮ್ಮನಾಗುತ್ತದೆ. ಸ್ವಲ್ಪ ಓರೆ ಮಾಡಿದರೆ ಕೈ ತಾನಾಗಿ ಮೇಲಕ್ಕೇಳುತ್ತದೆ. ನಾವು ಇವತ್ತು ಮಾತನಾಡುವ ಮೂರು ಸಂಗತಿಗಳು ಅಲ್ಲೇ ಇವೆ: ಎದುರು ವಿಸ್ತೀರ್ಣ, ಆಕಾರ, ಎತ್ತುವ ಬಲ.

ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ಗಂಟೆಗೆ 200 ಮೈಲಿ, ಅಂದರೆ 322 ಕಿಲೋಮೀಟರ್ ವೇಗದಿಂದ 250 ಮೈಲಿಗೆ ಏರಬೇಕೆಂದರೆ ವೇಗ ಹೆಚ್ಚಿದ್ದು ಕಾಲು ಭಾಗ ಮಾತ್ರ, ಶಕ್ತಿ ಬೇಕಾಗುವುದು ಹತ್ತಿರ ಹತ್ತಿರ ಎರಡರಷ್ಟು. ಈಗ ಒಂದು ಲೆಕ್ಕ ಮಾಡೋಣ. ನಿಮ್ಮ ಬಳಿ 400 ಅಶ್ವಶಕ್ತಿಯ ಇಂಜಿನ್ ಇದೆ. ಗೇರು, ಟೈರಿನ ಜಾರುವಿಕೆ, ಉಪ್ಪಿನ ಮೇಲಿನ ಉರುಳುವ ತಡೆ ಇವುಗಳಲ್ಲಿ ಕಾಲು ಭಾಗ ಹೋಯಿತೆನ್ನೋಣ. ಉಳಿದ 300 ಗಾಳಿಗೆ. ಎಳೆತದ ಗುಣಾಂಕವನ್ನು, ಅಂದರೆ ಆಕಾರ ಗಾಳಿಗೆ ಎಷ್ಟು ಅಡ್ಡಿ ಎಂದು ಹೇಳುವ ಸಂಖ್ಯೆಯನ್ನು, ಎದುರು ವಿಸ್ತೀರ್ಣದಿಂದ ಗುಣಿಸಿದಾಗ ಒಂದು ಬಾಡಿಗೆ 0.9 ಚದರ ಮೀಟರ್ ಬಂತು, ಇನ್ನೊಂದಕ್ಕೆ 0.6. ಬಾನ್‌ವಿಲ್‌ನ ಗಾಳಿಯಲ್ಲಿ ಮೊದಲನೆಯದು ಗಂಟೆಗೆ ಸುಮಾರು 177 ಮೈಲಿಗೆ ನಿಲ್ಲುತ್ತದೆ. ಎರಡನೆಯದು 203ಕ್ಕೆ ಹೋಗುತ್ತದೆ. ಮೊದಲನೆಯದನ್ನು 203ಕ್ಕೆ ಒಯ್ಯಬೇಕಾದರೆ 600 ಅಶ್ವಶಕ್ತಿಯ ಇಂಜಿನ್ ಬೇಕು. ಅಂದರೆ ಒಳ್ಳೆಯ ಬಾಡಿ ಆರಿಸಿಕೊಂಡವನ ಜೇಬಿಗೆ 200 ಅಶ್ವಶಕ್ತಿ ಬಿಟ್ಟಿಯಾಗಿ ಬಿತ್ತು. ಅದು ಪೆಟ್ರೋಲ್ ಕುಡಿಯುವುದಿಲ್ಲ, ಪಿಸ್ಟನ್ ಕರಗಿಸುವುದಿಲ್ಲ.

ಅಲ್ಲಿನ ಗಾಳಿಯ ಬಗ್ಗೆ ಒಂದು ಮಾತು. ಬಯಲು ಸಮುದ್ರಮಟ್ಟದಿಂದ ಸುಮಾರು 1,280 ಮೀಟರ್ ಎತ್ತರದಲ್ಲಿದೆ, ನಮ್ಮ ಬೆಂಗಳೂರಿಗಿಂತ ಮುನ್ನೂರೈವತ್ತು ಮೀಟರ್‌ನಷ್ಟು ಮೇಲೆ. ಆಗಸ್ಟಿನ ಮಧ್ಯಾಹ್ನ ಅಲ್ಲಿನ ಗಾಳಿ ತೆಳುವಾಗಿರುತ್ತದೆ. ತೆಳುಗಾಳಿ ಬಾಡಿಗೆ ಒಳ್ಳೆಯದು, ಇಂಜಿನ್ನಿಗೆ ಕೆಟ್ಟದ್ದು. ಹಾಗಾಗಿ ಇಂಜಿನ್ ಬಡವಾಗುವ ಜಾಗದಲ್ಲಿ ಬಾಡಿಯ ಬೆಲೆ ಇನ್ನಷ್ಟು ಏರುತ್ತದೆ.

ಹಾಗಾದರೆ ಎಲ್ಲಕ್ಕಿಂತ ನುಣುಪಾದ ಆಕಾರವನ್ನು ಕಟ್ಟಿಕೊಂಡರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಇಲ್ಲ. ಆಕಾರಕ್ಕಿಂತ ಮೊದಲು ನಿಯಮ ಪುಸ್ತಕ ಓದಬೇಕು. ಬಾನ್‌ವಿಲ್‌ನಲ್ಲಿ ದಾಖಲೆ ಒಂದಲ್ಲ, ನೂರಾರು. ಇಂಜಿನ್ನಿನ ಗಾತ್ರಕ್ಕೊಂದು ಅಕ್ಷರ, ಇಂಧನಕ್ಕೊಂದು, ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಇದೆಯೋ ಇಲ್ಲವೋ ಎಂಬುದಕ್ಕೊಂದು, ಕೊನೆಗೆ ಬಾಡಿಯ ವರ್ಗ. ಪ್ರೊಡಕ್ಷನ್ ವರ್ಗದಲ್ಲಿ ಕಾರ್ಖಾನೆಯಿಂದ ಬಂದ ಹೊರಗೆರೆಯನ್ನು ಬದಲಿಸುವಂತಿಲ್ಲ. ಕಾಂಪಿಟಿಷನ್ ಕೂಪೆಯಲ್ಲಿ ಛಾವಣಿ ತಗ್ಗಿಸಬಹುದು, ಮೂತಿಯನ್ನು ಹೊಸದಾಗಿ ಮಾಡಬಹುದು. ರೋಡ್‌ಸ್ಟರ್ ಎಂದರೆ 1938 ಅಥವಾ ಅದಕ್ಕೂ ಹಿಂದಿನ ಅಮೆರಿಕನ್ ಗಾಡಿಯ ಆಕಾರ. ಲೇಕ್‌ಸ್ಟರ್ ಎಂದರೆ ಸ್ವತಃ ಕಟ್ಟಿದ ಬಾಡಿ, ಆದರೆ ನಾಲ್ಕು ಚಕ್ರಗಳೂ ಹೊರಗೆ ಕಾಣಬೇಕು. ಚಕ್ರ ಮುಚ್ಚಿದರೆ ಅದು ಸ್ಟ್ರೀಮ್‌ಲೈನರ್ ಆಗುತ್ತದೆ, ಮತ್ತು ಗಡಿಯಾರ ನಿಮ್ಮನ್ನು ಲೋಕದ ಅತಿ ವೇಗದ ಕಾರುಗಳ ಸಾಲಿನಲ್ಲಿ ನಿಲ್ಲಿಸುತ್ತದೆ.

ಆದ್ದರಿಂದ ಬಾಡಿ ಆರಿಸುವುದೆಂದರೆ ಒಂದು ದಾಖಲೆಯನ್ನು ಆರಿಸುವುದು. ನಿಮ್ಮ ಇಂಜಿನ್ ಎಷ್ಟು ದೊಡ್ಡದು, ಆ ಅಕ್ಷರದ ಸಾಲಿನಲ್ಲಿ ಯಾವ ವರ್ಗದ ದಾಖಲೆ ನಿಮ್ಮ ಕೈಗೆ ಎಟುಕುವಂತಿದೆ ಎಂದು ಮೊದಲು ನೋಡಬೇಕು. ಆಮೇಲೆ ಆ ವರ್ಗ ಏನನ್ನು ಮುಟ್ಟಲು ಬಿಡುವುದಿಲ್ಲವೋ ಅದರಲ್ಲಿ ಹುಟ್ಟಿನಿಂದಲೇ ಗಟ್ಟಿಯಾಗಿರುವ ಬಾಡಿಯನ್ನು ಹುಡುಕಬೇಕು. ಇದು ಬಹಳ ಮುಖ್ಯ. ತಿದ್ದಲು ಬರುವ ದೋಷವನ್ನು ಕ್ಷಮಿಸಬಹುದು. ತಿದ್ದಲು ಅವಕಾಶವೇ ಇಲ್ಲದ ದೋಷ ಇಡೀ ಆಯಸ್ಸಿಗೂ ಜೊತೆಗಿರುತ್ತದೆ. ಮೂತಿಯ ಕೆಳಗೆ ಗಾಳಿ ತಡೆಯುವ ತಗಡು, ಗ್ರಿಲ್ ಮುಚ್ಚುವ ಹಲಗೆ, ಚಕ್ರಗಳಿಗೆ ಚಪ್ಪಟೆ ಅಲ್ಯುಮಿನಿಯಂ ತಟ್ಟೆ ಇವನ್ನು ಹಲವು ವರ್ಗಗಳಲ್ಲಿ ಒಂದಲ್ಲ ಒಂದು ಬಗೆಯಲ್ಲಿ ಮಾಡಿಕೊಳ್ಳಬಹುದು. ಛಾವಣಿ ಹಿಂದಕ್ಕೆ ಇಳಿಯುವ ರೀತಿಯನ್ನು ಮಾತ್ರ ಪ್ರೊಡಕ್ಷನ್ ವರ್ಗದಲ್ಲಿ ಬದಲಿಸಲಾಗದು.

ಈಗ ಚಾರ್ಜರ್ ಕಥೆ. 1968ರ ಚಾರ್ಜರ್‌ನ ಹಿಂದಿನ ಗ್ಲಾಸು ಎರಡು ಬದಿಯ ಕಂಬಗಳ ನಡುವೆ ಒಳಕ್ಕೆ ಸರಿದು ನಿಂತಿತ್ತು. ಪಕ್ಕದಿಂದ ನೋಡಿದರೆ ಛಾವಣಿಯ ಗೆರೆ ಡಿಕ್ಕಿಯವರೆಗೂ ಸೊಗಸಾಗಿ ಹರಿದಂತೆ ಕಾಣುತ್ತದೆ. ನಿಮ್ಮನ್ನು ಮೋಸಗೊಳಿಸಿದ್ದು ಆ ಗೆರೆಯೇ. ಅದು ಬರೀ ಅಂಚಿನ ಗೆರೆ, ನಡುವೆ ಹಳ್ಳವಿದೆ. ಛಾವಣಿಯ ಮೇಲಿನಿಂದ ಬಂದ ಗಾಳಿ ಆ ಹಳ್ಳದ ಬಾಯಲ್ಲಿ ಕಿತ್ತುಹೋಗಿ ಸುಳಿಯಾಗುತ್ತಿತ್ತು. ಹಿಂಭಾಗ ಮೇಲಕ್ಕೆ ಎತ್ತಿಕೊಳ್ಳುತ್ತಿತ್ತು. ಮುಂದಿನ ಗ್ರಿಲ್ ಕೂಡ ಗುಹೆಯಂತೆ ಒಳಕ್ಕಿತ್ತು. ಓಟದ ಮೈದಾನದಲ್ಲಿ ಸೋತ ಮೇಲೆ ಡಾಜ್ ಕಂಪನಿ 1969ರಲ್ಲಿ ಚಾರ್ಜರ್ 500 ಎಂಬ ಆವೃತ್ತಿ ತಂದಿತು. ಹಿಂದಿನ ಗ್ಲಾಸನ್ನು ಕಂಬಗಳ ಸಮಕ್ಕೆ ತಂದರು, ಗ್ರಿಲ್ಲನ್ನು ಮುಂದಕ್ಕೆ ಎಳೆದರು. ಅಷ್ಟೂ ಸಾಲದೆ ಅದೇ ವರ್ಷ ಚಾರ್ಜರ್ ಡೇಟೋನಾ ಬಂತು. ಮುಂದೆ ಒಂದೂವರೆ ಅಡಿಯ ಚೂಪು ಮೂತಿ, ಹಿಂದೆ ಆಳೆತ್ತರಕ್ಕಿಂತ ತುಸುವೇ ಕಡಿಮೆ ಎತ್ತರದಲ್ಲಿ ನಿಂತ ಅಡ್ಡ ರೆಕ್ಕೆ. 1970ರ ಮಾರ್ಚ್‌ನಲ್ಲಿ ಬಡ್ಡಿ ಬೇಕರ್ ಟ್ಯಾಲಡೇಗಾ ಮೈದಾನದಲ್ಲಿ ಅಂಥ ಕಾರಿನಲ್ಲಿ 200 ಮೈಲಿಯ ಗೆರೆ ದಾಟಿದರು. 1971ರಲ್ಲಿ ಬಾಬಿ ಐಸಾಕ್ ಡೇಟೋನಾವನ್ನು ಬಾನ್‌ವಿಲ್‌ಗೇ ತಂದು ಗಂಟೆಗೆ 217.368 ಮೈಲಿ ಓಡಿಸಿದರು. ಎಲ್ಲರ ಕಣ್ಣು ಆ ಮೂತಿಯ ಮೇಲೆ, ಆ ರೆಕ್ಕೆಯ ಮೇಲೆ. ನನ್ನ ಕಣ್ಣು ಮಾತ್ರ ಪ್ರತಿ ಬಾರಿಯೂ ಆ ಹಿಂದಿನ ಗ್ಲಾಸಿಗೆ ಹೋಗುತ್ತದೆ. ಆ ಒಂದು ಹಾಳೆ ಗಾಜನ್ನು ಹೊರಕ್ಕೆ ತಂದದ್ದರಿಂದ ರಿಪೇರಿ ಶುರುವಾಯಿತು.

ಮೂತಿಗಿಂತ ಬಾಲಕ್ಕೆ ಯಾಕಿಷ್ಟು ಬೆಲೆ? ಗಾಳಿಯನ್ನು ಇಬ್ಭಾಗ ಮಾಡುವುದು ಸುಲಭ. ದುಂಡಗಿದ್ದರೆ ಸಾಕು, ಅದು ಸರಿದುಕೊಳ್ಳುತ್ತದೆ. ಮತ್ತೆ ಒಂದುಗೂಡಿಸುವುದು ಕಷ್ಟ. ಬಾಡಿ ಹಿಂದಕ್ಕೆ ಹೋಗುತ್ತ ಸಣ್ಣದಾಗಬೇಕು, ಆದರೆ ಗಾಳಿ ಅಂಟಿಕೊಂಡೇ ಇಳಿಯುವಷ್ಟು ನಿಧಾನವಾಗಿ. ಅವಸರ ಮಾಡಿದರೆ ಗಾಳಿ ಕೈಬಿಡುತ್ತದೆ, ಹಿಂದೆ ಕಡಿಮೆ ಒತ್ತಡದ ದೊಡ್ಡ ಸುಳಿ ಹುಟ್ಟುತ್ತದೆ, ಅದು ಕಾರಿನ ಬೆನ್ನು ಹಿಡಿದು ಎಳೆಯುತ್ತದೆ. ಘನಾಕಾರದ ಪೆಟ್ಟಿಗೆಯ ಎಳೆತದ ಗುಣಾಂಕ 1ರ ಮೇಲೆ. ಬಾಲವಿರುವ ಮೀನಿನಂಥ ಆಕಾರಕ್ಕೆ ಅದು 0.05ಕ್ಕಿಂತಲೂ ಕೆಳಗೆ ಇಳಿಯಬಲ್ಲದು. ಜರ್ಮನಿಯ ಎಡ್ಮಂಡ್ ರುಂಪ್ಲರ್ 1921ರಲ್ಲೇ ಹನಿಯಾಕಾರದ ಕಾರು ಮಾಡಿದ್ದರು. 1979ರಲ್ಲಿ ಅದನ್ನು ಫೋಕ್ಸ್‌ವ್ಯಾಗನ್ ಕಂಪನಿಯ ಗಾಳಿಸುರಂಗದಲ್ಲಿಟ್ಟು ಅಳೆದಾಗ 0.28 ಬಂತು. ಆಗಿನ ಕಾಲದ ಹೊಚ್ಚಹೊಸ ಕಾರುಗಳೂ ಅದರ ಮುಂದೆ ತಲೆ ತಗ್ಗಿಸಬೇಕಾಯಿತು. 1930ರ ದಶಕದಲ್ಲಿ ವುನಿಬಾಲ್ಡ್ ಕಾಮ್ ಎಂಬ ಪ್ರಾಧ್ಯಾಪಕರು ಇನ್ನೊಂದು ದಾರಿ ತೋರಿಸಿದರು: ಬಾಲವನ್ನು ಪೂರ್ತಿ ಎಳೆಯಲು ಜಾಗವಿಲ್ಲದಿದ್ದರೆ ಸ್ವಲ್ಪ ದೂರ ಸರಿಯಾಗಿ ಇಳಿಸಿ, ಆಮೇಲೆ ಕತ್ತಿಯಿಂದ ಕಡಿದಂತೆ ನೇರವಾಗಿ ಕತ್ತರಿಸಿಬಿಡಿ. ಅರ್ಧಂಬರ್ಧ ದುಂಡಗಾಗಿ ಇಳಿಯುವ ಬೆನ್ನಿಗಿಂತ ಚೂಪಾಗಿ ಕತ್ತರಿಸಿದ ಬೆನ್ನು ಮೇಲು.

ಈ ಕಣ್ಣಿನಿಂದ 1953ರ ಸ್ಟುಡಿಬೇಕರ್ ಕೂಪೆಯನ್ನು ನೋಡಿ. ರೇಮಂಡ್ ಲೋವಿ ಅವರ ವಿನ್ಯಾಸ ಸಂಸ್ಥೆಯಲ್ಲಿ ರಾಬರ್ಟ್ ಬೋರ್ಕ್ ರೂಪಿಸಿದ ಬಾಡಿ ಅದು. ಓಟಕ್ಕಾಗಿ ಮಾಡಿದ್ದಲ್ಲ, ಮನೆಮಂದಿ ಪೇಟೆಗೆ ಹೋಗಿಬರಲೆಂದು ಮಾಡಿದ್ದು. ಆದರೆ ಛಾವಣಿ ತಗ್ಗು, ಮುಂದಿನ ಗ್ಲಾಸು ಚೆನ್ನಾಗಿ ಹಿಂದಕ್ಕೆ ಮಲಗಿದೆ, ಹಿಂದಿನ ಗ್ಲಾಸು ಅವಸರವಿಲ್ಲದೆ ಉದ್ದನೆಯ ಡಿಕ್ಕಿಯ ಮೇಲೆ ಇಳಿಯುತ್ತದೆ. ಎಪ್ಪತ್ತು ವರ್ಷಗಳಾದರೂ ಬಾನ್‌ವಿಲ್‌ನಲ್ಲಿ ಈ ಬಾಡಿಯ ಕಾರುಗಳು ಸಾಲಿನಲ್ಲಿ ನಿಲ್ಲುತ್ತಿವೆ. ಅದನ್ನು ತಯಾರಿಸಿದ ಕಂಪನಿ 1966ರಲ್ಲೇ ಕಾರು ಮಾಡುವುದನ್ನು ನಿಲ್ಲಿಸಿತು. ಆ ಕಾರಿನ ಚಾಸಿ ಬಹಳ ಬಳುಕುತ್ತಿತ್ತು, ಆದರೆ ಅದು ನಮಗೆ ತೊಂದರೆಯಲ್ಲ. ಹೇಗೂ ಹೊಸ ಚಾಸಿ, ಚಾಲಕನನ್ನು ಕಾಯುವ ಹೊಸ ಪಂಜರ ಕಟ್ಟುತ್ತೇವೆ. ನಮಗೆ ಬೇಕಾದದ್ದು ಆ ಚರ್ಮ ಮಾತ್ರ.

ಎದುರು ವಿಸ್ತೀರ್ಣದ ವಿಷಯಕ್ಕೆ ಬರೋಣ. 1965ರಲ್ಲಿ ಸಮ್ಮರ್ಸ್ ಸೋದರರು ಗೋಲ್ಡನ್‌ರಾಡ್ ಎಂಬ ಕಾರು ಕಟ್ಟಿದರು. ಅದಕ್ಕೆ ನಾಲ್ಕು ಕ್ರೈಸ್ಲರ್ ಇಂಜಿನ್. ಎರಡೆರಡಾಗಿ ಪಕ್ಕಪಕ್ಕ ಇಟ್ಟಿದ್ದರೆ ಕಾರು ಅಗಲವಾಗುತ್ತಿತ್ತು. ಅವರು ನಾಲ್ಕನ್ನೂ ಒಂದರ ಹಿಂದೆ ಒಂದು ಸಾಲಾಗಿ ಇಟ್ಟರು. ಕಾರು 32 ಅಡಿ ಉದ್ದವಾಯಿತು, ಆದರೆ ಎದುರಿನಿಂದ ನೋಡಿದರೆ ಒಂದು ಚದರ ಮೀಟರ್ ಕೂಡ ಇಲ್ಲ. ಬಾಬ್ ಸಮ್ಮರ್ಸ್ ಆ ವರ್ಷದ ನವೆಂಬರ್ 12ರಂದು ಅದನ್ನು ಗಂಟೆಗೆ 409.277 ಮೈಲಿ, ಅಂದರೆ ಸುಮಾರು 659 ಕಿಲೋಮೀಟರ್ ಓಡಿಸಿದರು. ಈಗ ಅದು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಹೋಗುವ ಅವಕಾಶ ಸಿಕ್ಕರೆ ಪಕ್ಕದಲ್ಲಿ ನಿಲ್ಲಬೇಡಿ, ಮೂತಿಯ ಎದುರಿಗೆ ಮಂಡಿಯೂರಿ ಕುಳಿತು ನೋಡಿ.

ಇದಕ್ಕೂ ಮುಂಚಿನ ಒಂದು ಜಾಣತನ ನನಗೆ ಬಹಳ ಪ್ರಿಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿಲ್ ಬರ್ಕ್ ಎಂಬ ತರುಣ ಯುದ್ಧವಿಮಾನಗಳ ಹೊಟ್ಟೆಯಡಿ ನೇತುಹಾಕುವ ಇಂಧನ ತೊಟ್ಟಿಗಳನ್ನು ಕಂಡರು. ಆಕಾಶದಲ್ಲಿ ಗಾಳಿಗೆ ತೊಂದರೆ ಕೊಡದಂತೆ ಹನಿಯಾಕಾರದಲ್ಲಿ ಮಾಡಿದ ತಗಡಿನ ತೊಟ್ಟಿಗಳು. ಯುದ್ಧ ಮುಗಿದ ಮೇಲೆ ಅವು ಗುಜರಿಯ ಬೆಲೆಗೆ ಸಿಕ್ಕವು. 1946ರಲ್ಲಿ ಬರ್ಕ್ ಒಂದು ತೊಟ್ಟಿಗೆ ಚಕ್ರ ಜೋಡಿಸಿ ಓಡಿಸಿಯೇ ಬಿಟ್ಟರು. ಆಮೇಲೆ ಪಿ-38 ವಿಮಾನದ ದೊಡ್ಡ ತೊಟ್ಟಿ ಬಂತು. ಅದರೊಳಗೆ ಚಾಲಕನೂ ಇಂಜಿನ್ನೂ ಎರಡೂ ಹಿಡಿಸಿದವು. ಅಲೆಕ್ಸ್ ಕ್ಸಿಡಿಯಾಸ್ ಅವರ ಅಂಗಡಿಯ ಅಂಥ ಗಾಡಿ 1952ರಲ್ಲಿ ಬಾನ್‌ವಿಲ್‌ನಲ್ಲಿ 198 ಮೈಲಿ ಮುಟ್ಟಿತು. ಗಾಳಿಸುರಂಗದ ಬಾಗಿಲು ತಮಗೆ ತೆರೆಯದಿದ್ದಾಗ, ಅದರ ಪರೀಕ್ಷೆ ದಾಟಿ ಬಂದ ವಸ್ತುವನ್ನೇ ಹುಡುಕಿ ತಂದ ಬುದ್ಧಿ ಅದು. ಇಲ್ಲಿ ಕೂತಿರುವ ಬಡ ಮನೆಯ ಹುಡುಗ ಹುಡುಗಿಯರು ಇದನ್ನು ಮರೆಯಬಾರದು ಎಂದು ನನ್ನ ಆಸೆ.

ರೋಡ್‌ಸ್ಟರ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಪ್ರೀತಿಯಿಂದ ಆರಿಸುತ್ತಾರೆ, ಲೆಕ್ಕದಿಂದಲ್ಲ. ಅದರಲ್ಲೂ ಲೆಕ್ಕ ಹಾಕುವವರು 1932ರದಕ್ಕಿಂತ 1928-29ರ ಫೋರ್ಡ್ ಬಾಡಿಯ ಕಡೆ ವಾಲುತ್ತಾರೆ, ಅದು ಇನ್ನೂ ಕಿರಿದು ಎಂಬ ಕಾರಣಕ್ಕೆ.

ಬಾಡಿಯ ಲೆಕ್ಕದಲ್ಲಿ ಮನುಷ್ಯನನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮೊದಲ ಸಾಕ್ಷಿ 1899ರಷ್ಟು ಹಳೆಯದು. ಆ ವರ್ಷದ ಏಪ್ರಿಲ್ 29ರಂದು ಫ್ರಾನ್ಸಿನಲ್ಲಿ ಕಮೀ ಜೆನಾತ್ಸಿ ಎಂಬ ಬೆಲ್ಜಿಯಂ ದೇಶದವರು ವಿದ್ಯುತ್ ಕಾರಿನಲ್ಲಿ ಗಂಟೆಗೆ 105.88 ಕಿಲೋಮೀಟರ್ ಓಡಿದರು. ನೆಲದ ಮೇಲೆ ಮೋಟಾರು ಗಾಡಿಯೊಂದು ನೂರು ದಾಟಿದ್ದು ಅದೇ ಮೊದಲು. ಕಾರಿನ ಬಾಡಿ ಟಾರ್ಪಿಡೋದಂತೆ ಚೂಪಾಗಿತ್ತು. ಆದರೆ ಜೆನಾತ್ಸಿ ಅದರ ಮೇಲೆ ಎದೆಯವರೆಗೂ ಹೊರಗೆ ಕೂತಿದ್ದರು, ಚಕ್ರ ಅಚ್ಚುಗಳೆಲ್ಲ ಕೆಳಗೆ ಬಯಲಾಗಿದ್ದವು. ಕುದುರೆಯ ಮೇಲೆ ಕೂತ ಸವಾರನಂತೆ.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ಭಾಗ. ಕಡಿಮೆ ಎಳೆತದ ಬಾಡಿ ಕೊಲ್ಲಲೂಬಹುದು. ಬೀದಿಯ ಕಾರಿನ ಛಾವಣಿ ಉಬ್ಬಿದೆ, ಹೊಟ್ಟೆ ಚಪ್ಪಟೆ. ವಿಮಾನದ ರೆಕ್ಕೆಯೂ ಹಾಗೆಯೇ ಅಲ್ಲವೇ? ಎತ್ತುವ ಗುಣಾಂಕ 0.3, ವಿಸ್ತೀರ್ಣ 2 ಚದರ ಮೀಟರ್ ಇರುವ ಕಾರನ್ನು 322 ಕಿಲೋಮೀಟರ್ ವೇಗದಲ್ಲಿ ಗಾಳಿ ಸುಮಾರು 240 ಕಿಲೋ ತೂಕದಷ್ಟು ಮೇಲಕ್ಕೆತ್ತುತ್ತದೆ. ಉಪ್ಪಿನ ಮೇಲೆ ಟೈರಿನ ಹಿಡಿತ ಮೊದಲೇ ಕಡಿಮೆ, ನೆನೆದ ರಸ್ತೆಯಂತೆ. ಹಿಂದಿನ ಚಕ್ರ ಹಗುರವಾದರೆ ತಿರುಗುತ್ತಲೇ ಜಾರುತ್ತದೆ, ಬಾಲ ಪಕ್ಕಕ್ಕೆ ಸರಿಯುತ್ತದೆ. ಆ ಕ್ಷಣದಲ್ಲಿ ಬಾಡಿ ಏನು ಮಾಡುತ್ತದೆ ಎಂಬುದೇ ಪ್ರಶ್ನೆ. ತಾನಾಗಿ ನೇರವಾಗುತ್ತದೆಯೋ, ಇನ್ನಷ್ಟು ತಿರುಗುತ್ತದೆಯೋ?

ಗಾಳಿಪಟ ಹಾರಿಸಿದವರಿಗೆ ಉತ್ತರ ಗೊತ್ತು. ಬಾಲಂಗೋಚಿ ಇಲ್ಲದ ಪಟ ಗಿರಕಿ ಹೊಡೆದು ನೆಲ ಕಚ್ಚುತ್ತದೆ. ಬಾಲಂಗೋಚಿ ಕಟ್ಟಿದರೆ ಗಾಳಿ ಅದನ್ನು ಹಿಂದಕ್ಕೆ ಹಿಡಿದು ಪಟವನ್ನು ಸರಿಯಾಗಿ ನಿಲ್ಲಿಸುತ್ತದೆ. ಕಾರಿನಲ್ಲೂ ಪಕ್ಕದಿಂದ ಗಾಳಿ ತಳ್ಳುವ ಒತ್ತಡ ಕೇಂದ್ರ, ತೂಕದ ಗುರುತ್ವ ಕೇಂದ್ರಕ್ಕಿಂತ ಹಿಂದಿರಬೇಕು. ಮುಂದಿದ್ದರೆ ಕಾರು ಹಿಂದುಮುಂದಾಗಲು ಹಾತೊರೆಯುತ್ತದೆ. ಹಳಬರು ಒಂದು ಸರಳ ಉಪಾಯ ಮಾಡುತ್ತಾರೆ. ಕಾರಿನ ಪಾರ್ಶ್ವಚಿತ್ರವನ್ನು ಅಳತೆಗೆ ತಕ್ಕಂತೆ ರಟ್ಟಿನಲ್ಲಿ ಕತ್ತರಿಸಿ ಪೆನ್ಸಿಲ್ ತುದಿಯ ಮೇಲೆ ತೂಗಿಸುತ್ತಾರೆ. ಸಮತೂಗಿದ ಜಾಗ ಪಕ್ಕದ ವಿಸ್ತೀರ್ಣದ ನಡು. ಅದನ್ನು ಗುರುತ್ವ ಕೇಂದ್ರದೊಂದಿಗೆ ಹೋಲಿಸುತ್ತಾರೆ. ಆದರೆ ಎಚ್ಚರ: ಕಾರು ಸ್ವಲ್ಪವೇ ಓರೆಯಾದಾಗ ಗಾಳಿ ಮೂತಿಯ ಕಡೆಯೇ ಹೆಚ್ಚು ತಳ್ಳುವುದರಿಂದ ನಿಜವಾದ ಒತ್ತಡ ಕೇಂದ್ರ ರಟ್ಟು ತೋರಿಸಿದ ಜಾಗಕ್ಕಿಂತ ಸಾಕಷ್ಟು ಮುಂದೆ ಇರುತ್ತದೆ. ರಟ್ಟಿನಲ್ಲಿ ಕೂದಲೆಳೆಯಷ್ಟು ಅಂತರ ಕಂಡರೆ ಅದನ್ನು ನಂಬಿ ಓಡಿಸಬೇಡಿ.

ಹಾಗಾಗಿ ಬಾಡಿ ನೋಡಲು ಹೋದಾಗ ಅದರ ಹಿಂದಿನ ಅರ್ಧ ಎಷ್ಟು ಎತ್ತರ, ಎಷ್ಟು ಉದ್ದ ಎಂದು ನೋಡಿ. ಉದ್ದ ಬಾನೆಟ್ಟಿನ, ಗಿಡ್ಡ ಬಾಲದ ಬಾಡಿ ಎಷ್ಟೇ ಅಂದವಾಗಿದ್ದರೂ ಉಪ್ಪಿನ ಮೇಲೆ ನನಗೆ ಭಯ. ಡೊನಾಲ್ಡ್ ಕ್ಯಾಂಪ್‌ಬೆಲ್ ಅವರ ಬ್ಲೂಬರ್ಡ್ ಕಾರು 1960ರ ಸೆಪ್ಟೆಂಬರ್‌ನಲ್ಲಿ ಬಾನ್‌ವಿಲ್‌ನಲ್ಲಿ 550 ಕಿಲೋಮೀಟರ್‌ಗೂ ಮಿಕ್ಕಿದ ವೇಗದಲ್ಲಿ ಹತೋಟಿ ತಪ್ಪಿ ಗಾಳಿಗೆ ಹಾರಿತು. ಅವರು ತಲೆಬುರುಡೆ ಬಿರುಕು ಬಿಟ್ಟರೂ ಬದುಕಿದರು. ಕಾರನ್ನು ಮತ್ತೆ ಕಟ್ಟುವಾಗ ಹಿಂದೆ ಎತ್ತರದ ನಿಲುರೆಕ್ಕೆ ಸೇರಿಸಿದರು. ಅದೇ ಕಾರು 1964ರ ಜುಲೈ 17ರಂದು ಆಸ್ಟ್ರೇಲಿಯಾದ ಏರ್ ಸರೋವರದ ಉಪ್ಪಿನ ಮೇಲೆ ಗಂಟೆಗೆ 403.10 ಮೈಲಿ ಓಡಿತು. ಆ ನಿಲುರೆಕ್ಕೆ ನನ್ನ ಕಣ್ಣಿಗೆ ಬಾಲಂಗೋಚಿಯೇ.

ತೂಕದ ವಿಷಯದಲ್ಲಿ ನೀವು ಕಲಿತದ್ದನ್ನು ಸ್ವಲ್ಪ ಬದಿಗಿಡಿ. ರಸ್ತೆ ಓಟದಲ್ಲಿ ಹಗುರವಾದ ಕಾರು ಗೆಲ್ಲುತ್ತದೆ. ಇಲ್ಲಿ ಹಾಗಲ್ಲ. ಕಣದಲ್ಲಿ ರಾಶಿ ತೂರುವಾಗ ಗಾಳಿ ಯಾವುದನ್ನು ಒಯ್ಯುತ್ತದೆ? ಹೊಟ್ಟನ್ನು. ಕಾಳು ನೇರವಾಗಿ ಬೀಳುತ್ತದೆ. ಬಾನ್‌ವಿಲ್‌ನಲ್ಲಿ ಸೀಸದ, ಉಕ್ಕಿನ ಗಟ್ಟಿಗಳನ್ನು ಕೈಯಾರೆ ಕಾರಿನೊಳಗೆ ಬೋಲ್ಟ್ ಹಾಕಿ ಕೂರಿಸುತ್ತಾರೆ. ಐದು ಮೈಲಿ ಉದ್ದದ ದಾರಿ ಇರುವಾಗ ತೂಕದಿಂದ ಆಗುವ ನಷ್ಟ ಕಡಿಮೆ, ಹಿಡಿತದಿಂದ ಆಗುವ ಲಾಭ ಹೆಚ್ಚು. ಆದ್ದರಿಂದ ಫೈಬರ್ ಬಾಡಿ ಹಗುರ ಎಂಬುದು ಇಲ್ಲಿ ದೊಡ್ಡ ಗುಣವಲ್ಲ. ತುಕ್ಕು ಹಿಡಿಯುವುದಿಲ್ಲ ಎಂಬುದು ಗುಣ, ಏಕೆಂದರೆ ಉಪ್ಪು ಉಕ್ಕನ್ನು ತಿನ್ನುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಉಪ್ಪು ತೆಳುವಾಗುತ್ತಿದೆ. 2014, 2015 ಮತ್ತು 2022ರಲ್ಲಿ ನೆಲ ಕೈಕೊಟ್ಟು ಸ್ಪೀಡ್ ವೀಕ್ ನಡೆಯಲೇ ಇಲ್ಲ. ದಾರಿ ಗಿಡ್ಡವಾದಷ್ಟೂ ತೂಕ ಹೇರಿ ನಿಧಾನವಾಗಿ ವೇಗ ಹಿಡಿಯುವ ಜಾಣತನಕ್ಕೆ ಜಾಗ ಕಡಿಮೆಯಾಗುತ್ತದೆ. ಹಾಗಾದಾಗ ಎಳೆತ ಕಡಿಮೆ ಇರುವ ಬಾಡಿಗೆ ಬೆಲೆ ಇನ್ನೂ ಹೆಚ್ಚು ಎಂಬುದು ನನ್ನ ಅಂದಾಜು.

ಉಳಿದ ಸಣ್ಣಪುಟ್ಟ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಓಟ ಕೆಲವೇ ನಿಮಿಷದ್ದು, ಆದ್ದರಿಂದ ಅನೇಕರು ರೇಡಿಯೇಟರನ್ನೇ ತೆಗೆದು ನೀರಿನ ತೊಟ್ಟಿ ಇಡುತ್ತಾರೆ. ಅಂಥ ತೊಟ್ಟಿಗೆ ಬಾಡಿಯಲ್ಲಿ ಜಾಗವಿರಬೇಕು. ಪ್ಯಾರಾಶೂಟ್ ಕಟ್ಟಲು ಹಿಂದೆ ಗಟ್ಟಿ ಜಾಗ ಬೇಕು. ಛಾವಣಿಯ ಅಂಚಿನ ನೀರುಗಾಲುವೆ, ಕನ್ನಡಿ, ಹಿಡಿಕೆ ಇವೆಲ್ಲ ಸಣ್ಣದಾಗಿ ಕಾಣುತ್ತವೆ, ಆದರೆ ಒಟ್ಟು ಸೇರಿ ದೊಡ್ಡ ಲೆಕ್ಕ ಕೇಳುತ್ತವೆ.

ದಾಖಲೆ ಒಂದೇ ಓಟದಲ್ಲಿ ಸಿಗುವುದಿಲ್ಲ ಎಂಬುದನ್ನೂ ನೆನಪಿಡಿ. ಹಳೆಯ ದಾಖಲೆಗಿಂತ ವೇಗವಾಗಿ ಓಡಿದರೆ ಕಾರನ್ನು ಕಾವಲಿನ ಅಂಗಳಕ್ಕೆ ಒಯ್ಯುತ್ತಾರೆ. ಅಲ್ಲಿ ನಾಲ್ಕು ಗಂಟೆ ಮಾತ್ರ ಕೆಲಸ ಮಾಡಲು ಬಿಡುತ್ತಾರೆ. ಮರುದಿನ ಬೆಳಿಗ್ಗೆ ಮತ್ತೆ ಓಡಬೇಕು, ಎರಡರ ಸರಾಸರಿ ದಾಖಲೆ. ಬಾನೆಟ್ ತೆಗೆಯಲು ಒಂದು ಗಂಟೆ ಹಿಡಿಯುವ ಬಾಡಿ ಆ ನಾಲ್ಕು ಗಂಟೆಯಲ್ಲಿ ಕಾಲು ಭಾಗವನ್ನು ನುಂಗಿಬಿಡುತ್ತದೆ. 1947ರಲ್ಲಿ ಗಂಟೆಗೆ 394.196 ಮೈಲಿ ಓಡಿದ ಜಾನ್ ಕಾಬ್ ಅವರ ರೈಲ್ಟನ್ ಕಾರಿನ ಇಡೀ ಬಾಡಿಯನ್ನು ಮುಚ್ಚಳ ತೆಗೆದಂತೆ ಮೇಲಕ್ಕೆತ್ತಬಹುದಿತ್ತು. ವಿನ್ಯಾಸಕ ರೀಡ್ ರೈಲ್ಟನ್ ಅದನ್ನು ಕಾರಿನ ಮೊದಲ ಗೆರೆ ಎಳೆಯುವಾಗಲೇ ಯೋಚಿಸಿದ್ದರು.

ನಮ್ಮ ತಂಡದ ತಪ್ಪನ್ನೂ ಹೇಳಬೇಕು. ತಂಡದ ಹಿರಿಯರು ತಮ್ಮ ಹರೆಯದಲ್ಲಿ ಕಂಡು ಮನಸೋತಿದ್ದ ಒಂದು ತಗ್ಗು ಛಾವಣಿಯ ಬಾಡಿಯನ್ನು ಕೊಂಡರು. ಬಣ್ಣ ಹೊಡೆದೂ ಆಯಿತು. ಆಮೇಲೆ ಸುರಕ್ಷಾ ಪಂಜರ ಕಟ್ಟಿ ಚಾಲಕನನ್ನು ಹೆಲ್ಮೆಟ್ ಸಮೇತ ಕೂರಿಸಿದಾಗ ಮೇಲಿನ ಕೊಳವೆ ತಲೆಗೆ ತಾಗುತ್ತಿತ್ತು. ಆಸನವನ್ನು ಹಿಂದಕ್ಕೆ ಮಲಗಿಸಿದೆವು, ಆಗ ಮುಂದಿನ ದಾರಿ ಕಾಣಲಿಲ್ಲ. ನೆಲ ತಗ್ಗಿಸಿದೆವು, ಆಗ ಹೊರಬರುವುದು ಕಷ್ಟವಾಯಿತು. ಪರಿವೀಕ್ಷಕರ ಮುಂದೆ ಚಾಲಕ ಯಾರ ನೆರವೂ ಇಲ್ಲದೆ ಕಾರಿನಿಂದ ಬೇಗ ಹೊರಬಂದು ತೋರಿಸಬೇಕು; ಬೆಂಕಿ ಬಿದ್ದರೆ ಅವನ ಜೀವ ಅದರ ಮೇಲೆಯೇ ನಿಂತಿದೆ. ನಮ್ಮವರಿಗೆ ಅದು ಆಗಲಿಲ್ಲ. ಆ ವರ್ಷ ಕಾರು ಸಾಲಿಗೆ ಸೇರದೆ ಟ್ರೇಲರ್ ಮೇಲೆಯೇ ಮನೆಗೆ ಮರಳಿತು. ಎಂಟು ನೂರು ಮೈಲಿ ಹಿಂತಿರುಗುವಾಗ ಯಾರೂ ಮಾತನಾಡಲಿಲ್ಲ.

ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಸರ್, ಇಷ್ಟೆಲ್ಲ ಹೇಳಿದಿರಿ. ಈಗ ನಿಮಗೇ 400 ಅಶ್ವಶಕ್ತಿಯ ಇಂಜಿನ್ ಕೊಟ್ಟರೆ ಯಾವ ಬಾಡಿ ಕೊಳ್ಳುತ್ತೀರಿ?"

1953ರ ಸ್ಟುಡಿಬೇಕರ್, ಎಂದೆ. ಅದರಲ್ಲೂ ಬಾಗಿಲ ಹಿಂದೆ ಕಂಬವಿರುವ ಕೂಪೆ, ಕಂಬವಿಲ್ಲದ್ದಲ್ಲ. ಕಂಬವಿದ್ದರೆ ಚರ್ಮ ಬಿಗಿಯಾಗಿ ನಿಲ್ಲುತ್ತದೆ. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಮುಂದಿನ ಮಡ್‌ಗಾರ್ಡ್ ಇಲ್ಲದಿದ್ದರೂ ಪರವಾಗಿಲ್ಲ. ಛಾವಣಿ ಮತ್ತು ಹಿಂದಿನ ಗ್ಲಾಸಿನ ಸುತ್ತ ತಗಡು ಸೊಟ್ಟಗಾಗಿರಬಾರದು. "ಅಲ್ಲಿಗೆ ಹೋಗುವಾಗ ಏನು ಒಯ್ಯುತ್ತೀರಿ?" ಎಂದಳು. ಒಂದು ಅಳತೆ ಟೇಪು, ಒಂದು ಹಾಳೆ ರಟ್ಟು, ಮತ್ತು ಚಾಲಕನನ್ನು, ಅವನ ಹೆಲ್ಮೆಟ್ ಸಮೇತ. ಹಣ ಕೊಡುವ ಮೊದಲು ಆ ಬರೀ ಬಾಡಿಯ ನೆಲದ ಮೇಲೆ ಅವನನ್ನು ಅರ್ಧ ಗಂಟೆ ಕೂರಿಸಿ, ತಲೆಗೂ ಛಾವಣಿಗೂ ನಡುವೆ ಎಷ್ಟು ಬೆರಳು ಜಾಗ ಉಳಿಯುತ್ತದೆ ಎಂದು ಅಳೆಯುತ್ತೇನೆ.